ಸಾಲು ಹಾಸಿಗೆ

ಹಾಲ್‌ನ ನಡುವೆ ಹಾಕಿದ್ದ ಟೆಂಟಿನೊಳಗಿಂದ ಗುಬ್ಬಿಯ ಅಪ್ಪನ ಎರಡು ಕಾಲುಗಳು ಹೊರಗೆ ಚಾಚಿಕೊಂಡಿದ್ದವು. ಸೋಫಾ, ಟೀಪಾಯಿಗಳನ್ನೆಲ್ಲ ಗೋಡೆಗೆ ಒತ್ತರಿಸಿ ಅವನು ಒಳಗೆ ಮಲಗಿ ಅಳತೆ ನೋಡುತ್ತಿದ್ದ. ವಾರವಿಡೀ ಬೇರೆಯವರ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವ ಮನುಷ್ಯ. ರಜೆ ಬಂದರೆ ಮಾತ್ರ ನಡೆದೇ ಬೆಟ್ಟ ಹತ್ತಬೇಕೆನ್ನುವ ಹುಚ್ಚು.

"ನೋಡಿದ್ರಾ? ಒಬ್ಬನಿಗೇ ಸಾಲಲ್ಲ ಇದು," ಒಳಗಿಂದ ದನಿ ಬಂತು. "ಇಂಥವು ಮೂರಾದ್ರೂ ಹೊರಬೇಕು, ಮೇಲೆ ಒಲೆ, ಪಾತ್ರೆ. ಬೆಟ್ಟದ ಮೇಲೆ ತಂಗುಮನೆ ಇದ್ಯಲ್ಲ, ಅಲ್ಲಾದ್ರೆ ಕೈ ಬೀಸ್ಕೊಂಡು ಹೋಗ್ಬಹುದು. ಬಿಸಿ ಊಟ, ತಲೆ ಮೇಲೆ ಸೂರು."

"ಮತ್ತಿನ್ನೇನು? ಅದನ್ನೇ ಬುಕ್ ಮಾಡು," ಎಂದಳು ದೊಡ್ಡ ನಾದಿನಿ, ಅವನ ಅಕ್ಕ. ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಬೆಳಿಗ್ಗೆಯೇ ಬಂದು ಕೂತಿದ್ದಳು. ತಮ್ಮನ ಮನೆಯಲ್ಲಿ ಅವಳು ಒಮ್ಮೆ ಬಾಯಿಬಿಟ್ಟರೆ ಮುಗಿಯಿತು.

ಗುಬ್ಬಿಯ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. ಆ ತಂಗುಮನೆಯ ಫೋಟೊವನ್ನು ಗಂಡ ಅವಳಿಗೂ ತೋರಿಸಿದ್ದ. ಗೋಡೆಯಿಂದ ಗೋಡೆಗೆ ಒಂದೇ ಉದ್ದನೆಯ ಮರದ ಮಂಚ, ಅದರ ಮೇಲೆ ಒಂದಕ್ಕೊಂದು ಅಂಟಿಸಿದಂತೆ ಸಾಲು ಹಾಸಿಗೆಗಳು. ಬಂದವರೆಲ್ಲ ಅಲ್ಲಿಯೇ ಒತ್ತಾಗಿ ಮಲಗಬೇಕು.

ಹೈಸ್ಕೂಲು ಹತ್ತಿರವಾಗುತ್ತಿದ್ದರೂ ಗುಬ್ಬಿ ಇನ್ನೂ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ದಿನಾ ಅಲ್ಲ, ಆದರೆ ಯಾವತ್ತು ಎಂದು ಹೇಳುವ ಹಾಗಿರಲಿಲ್ಲ. ಹೊಸ ಜಾಗವಾದರಂತೂ ತಪ್ಪದು. ಕೆಲವು ಮಕ್ಕಳಿಗೆ ತಡವಾಗುತ್ತದೆ, ತಾನಾಗಿ ನಿಲ್ಲುತ್ತದೆ ಎಂದಿದ್ದರು ಡಾಕ್ಟರು. ಗಂಡನೋ, ಕಳೆದ ವರ್ಷವೇ ನಿಂತುಹೋಗಿದೆ ಎಂದುಕೊಂಡಿದ್ದ.

ಅವನಿಗೆ ಹಾಗೆ ಸುಳ್ಳು ಹೇಳಿದ್ದವಳೂ ಅಮ್ಮನೇ. ಕೆಟ್ಟವನಲ್ಲ ಪಾಪ, ಮಗಳೆಂದರೆ ಪ್ರಾಣ ಬಿಡುತ್ತಾನೆ. ಆದರೆ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಕಳೆದ ವರ್ಷ ಏನಾದರೂ ಔಷಧಿ ಗೊತ್ತಿದೆಯೇ ಎಂದು ಅಕ್ಕನಿಗೆ ಫೋನು ಮಾಡಿದ್ದ. ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ ತರಕಾರಿ ಹೆಚ್ಚುತ್ತಿದ್ದಳು. ಆ ಭಾನುವಾರ ಅವಳ ಮಕ್ಕಳು ಗುಬ್ಬಿಯನ್ನು ಕಂಡವರೇ "ಟ್ಯಾಂಕರ್ ಬಂತು, ಟ್ಯಾಂಕರ್ ಬಂತು" ಎಂದು ಕುಣಿದರು. ಮನೆಗೆ ಬಂದ ಮೇಲೆ ಗುಬ್ಬಿ ಅಳಲಿಲ್ಲ. "ಇನ್ಮೇಲೆ ಯಾರಿಗೂ ಹೇಳಲ್ಲ ಅಂತ ಆಣೆ ಮಾಡು. ಅಪ್ಪಂಗೂ," ಎಂದಳು. ಅಮ್ಮ ಆಣೆ ಮಾಡಿದಳು. ಅಂದಿನಿಂದ ಮನೆ ಏಳುವುದರೊಳಗೆ ಬೆಡ್‌ಶೀಟು ಒಗೆದು ಹರವುವುದು ಅವರಿಬ್ಬರದೇ ಕೆಲಸವಾಯಿತು.

"ನಂಗ್ಯಾಕೋ ಟೆಂಟೇ ವಾಸಿ ಅನ್ಸತ್ತೆ," ಎಂದಳು ಅಮ್ಮ ಈಗ. "ಕಂಡೋರೆಲ್ಲ ಮಲಗಿ ಎದ್ದಿರೋ ಹಾಸಿಗೆ. ಹೇನು ಗೀನು ಹತ್ಕೊಂಡ್ರೆ?"

"ನಮ್ಮ ಹೊದಿಕೆ ನಾವು ತಗೊಂಡು ಹೋಗೋಣ," ಎಂದಿತು ಟೆಂಟು.

"ಗೊರಕೆ ಹೊಡೆಯೋರು ಇರ್ತಾರೆ. ನಿದ್ದೆ ಹತ್ತಲ್ಲ."

"ಇಷ್ಟು ವರ್ಷ ನನ್ನ ತಮ್ಮನ ಪಕ್ಕ ಮಲಗಿದೀಯ, ನಿಂಗೆ ಇನ್ಯಾವ ಗೊರಕೆ ಲೆಕ್ಕ?" ಎಂದಳು ನಾದಿನಿ. ಎಲ್ಲರೂ ನಕ್ಕರು. ಟೆಂಟೂ ಕುಲುಕಿತು.

"ಮಕ್ಕಳಿಗೆ ನಕ್ಷತ್ರ ಕಾಣತ್ತೆ..."

"ಮಳೆ ಬಂದ್ರೆ ನೆಗಡಿ ಕಾಣತ್ತೆ," ಎಂದಿತು ಟೆಂಟು.

ಅಮ್ಮನಿಗೆ ಬೇರೆ ದಾರಿ ತೋಚಲಿಲ್ಲ. "ಹಾಗಾದ್ರೆ ಒಂದು ಕೆಲಸ ಮಾಡೋಣ. ನೀವೆಲ್ಲ ಒಳಗೆ ಮಲಗಿ. ನಾನೂ ಗುಬ್ಬೀನೂ ಅಲ್ಲೇ ಅಂಗಳದಲ್ಲಿ ಟೆಂಟ್ ಹಾಕ್ಕೋತೀವಿ."

ನಗು ನಿಂತಿತು. ಗಂಡ ತೆವಳಿಕೊಂಡು ಹೊರಗೆ ಬಂದ, ತಲೆಗೂದಲೆಲ್ಲ ಕೆದರಿತ್ತು. "ನಮ್ಮಕ್ಕ ಇರೋ ಕಡೆ ಒಂದು ರಾತ್ರಿ ಮಲಗೋಕೂ ಆಗಲ್ವಾ ನಿಂಗೆ?" ಎಂದು ತಗ್ಗಿದ ದನಿಯಲ್ಲಿ ಕೇಳಿದ. ನಾದಿನಿಯ ಮುಖ ಸಣ್ಣದಾಯಿತು. ಅವಳ ದೊಡ್ಡ ಮಗ ಮಾತ್ರ ಗುಬ್ಬಿಯನ್ನೇ ನೋಡುತ್ತಿದ್ದ. ಅವನ ತುಟಿಯ ಒಂದು ಕೊನೆ ಮೆಲ್ಲಗೆ ಮೇಲೆದ್ದಿತು.

ಗುಬ್ಬಿ ಅದನ್ನು ಕಂಡಳು. "ಟೆಂಟ್ ಬೇಡ ಅಮ್ಮ," ಎಂದಳು ಎಲ್ಲರಿಗೂ ಕೇಳುವಂತೆ. "ಎಲ್ರೂ ಒಟ್ಟಿಗೆ ಮಲಗೋಣ. ನಂಗೂ ಅದೇ ಇಷ್ಟ."

ಆಮೇಲೆ ಅಡುಗೆಮನೆಯಲ್ಲಿ ಅಮ್ಮ ಅವಳ ಕೈ ಹಿಡಿದು ಪಿಸುಗುಟ್ಟಿದಳು. "ನಂಗೆ ಜ್ವರ ಅಂತೀನಿ. ನಾವಿಬ್ರೂ ಮನೇಲೇ ಉಳಿಯೋಣ."

"ಆಗ್ಲೂ ಗೊತ್ತಾಗತ್ತೆ ಅವ್ರಿಗೆ."

"ಅಪ್ಪಂಗೆ ಒಂದು ಮಾತು ಹೇಳಿಬಿಡ್ಲಾ?"

"ಆಣೆ ಮಾಡಿದೀಯ," ಎಂದು ಗುಬ್ಬಿ ಕೈ ಬಿಡಿಸಿಕೊಂಡಳು. ಹೆತ್ತವಳಾಗಿ ಇಷ್ಟೂ ಮಾಡಲಾಗದಲ್ಲ ಎಂದು ಅಮ್ಮನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಸಿಟ್ಟು ಬಂದು ಏನು ಪ್ರಯೋಜನ? ಹಾಲ್‌ನಲ್ಲಿ ಟೆಂಟನ್ನು ಮಡಿಸುತ್ತಿದ್ದರು.

ಹೊರಟ ದಿನ ಬಿಸಿಲು ಸುಡುತ್ತಿತ್ತು. ಕಾಲುದಾರಿಯ ಉದ್ದಕ್ಕೂ ಬರೀ ಕಲ್ಲು, ನೆರಳೆಂಬುದೇ ಇಲ್ಲ. ಹುಡುಗರಿಬ್ಬರೂ ಹತ್ತು ಹೆಜ್ಜೆಗೊಮ್ಮೆ ಕೂತು ಬಾಟಲಿ ಎತ್ತಿದರು. ಗುಬ್ಬಿ ಎಲ್ಲರಿಗಿಂತ ಮುಂದಿದ್ದಳು. ಮೊದಲ ತಿರುವಿನಲ್ಲಿ ಅಮ್ಮ ಬಾಟಲಿ ಚಾಚಿದಾಗ ಬೇಡವೆಂದಳು. ಊಟಕ್ಕೆ ಕೂತಾಗಲೂ ಬೇಡವೆಂದಳು. ಒಣ ರೊಟ್ಟಿ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಜಗಿದು ಜಗಿದು ಕಷ್ಟಪಟ್ಟು ನುಂಗಿದಳು. ರಾತ್ರಿಗೆ ಹೆದರಿ ನೀರು ಬಿಟ್ಟಿದ್ದಾಳೆಂದು ಅಮ್ಮನಿಗೆ ಆಗ ಹೊಳೆಯಿತು. ಬೆಟ್ಟದ ನಡುವೆ ಎಲ್ಲರೆದುರು ಅವಳು ಏನೆಂದು ಗದರಬೇಕು? ನಡೆಯುವಾಗೆಲ್ಲ ಮುಚ್ಚಳ ತೆಗೆದ ಬಾಟಲಿ ಹಿಡಿದುಕೊಂಡೇ ಮಗಳ ಬೆನ್ನ ಹಿಂದೆ ಹತ್ತಿದಳು.

ಸಂಜೆಯ ಹೊತ್ತಿಗೆ ತಂಗುಮನೆ ಸಿಕ್ಕಿತು. ಒಳಗೆ ಕಾಲಿಟ್ಟವರೇ ಹುಡುಗರು ಉದ್ದ ಮಂಚಕ್ಕೆ ಹಾರಿ, ಇದು ನನ್ನ ಜಾಗ, ಅದು ನಿನ್ನ ಜಾಗ ಎಂದು ಕಿತ್ತಾಡತೊಡಗಿದರು. ನಡುವೆ ಒಂದು ಹಾಸಿಗೆಯನ್ನು ಗುಬ್ಬಿಗೆಂದು ಬಿಟ್ಟಿದ್ದರು. ಮನೆ ನೋಡಿಕೊಳ್ಳುವವನು ಮೇಜಿನ ಮೇಲೆ ತಣ್ಣೀರಿನ ಜಗ್ಗು, ಲೋಟಗಳನ್ನು ತಂದಿಟ್ಟ.

"ಅಕ್ಕ, ನೋಡಿದ್ಯಾ ನನ್ನ ಮಗಳನ್ನ?" ಗಂಡನಿಗೆ ಹಿಗ್ಗು ತಡೆಯಲಾಗಲಿಲ್ಲ. "ನಿನ್ನ ಮಕ್ಕಳು ಬಾಟ್ಲಿ ಮೇಲೆ ಬಾಟ್ಲಿ ಖಾಲಿ ಮಾಡಿದ್ರು. ಇವಳು ಬೆಟ್ಟ ಹತ್ತೋವರೆಗೂ ಒಂದು ತೊಟ್ಟು ಕೇಳ್ಲಿಲ್ಲ!"

"ಗಟ್ಟಿಗಿತ್ತಿ ಕಣೋ," ಎಂದಳು ನಾದಿನಿ. ನಿಜವಾಗಿ ಮೆಚ್ಚಿಯೇ ಹೇಳಿದಳು.

ಗುಬ್ಬಿಯ ತುಟಿ ಬೆಳ್ಳಗೆ ಸಿಪ್ಪೆ ಎದ್ದಿತ್ತು. ಅಮ್ಮ ಲೋಟ ತುಂಬಿ ಅವಳ ಕೈಗೆ ಕೊಟ್ಟಳು. "ಕುಡಿ ಕಂದ. ಒಂದೇ ಒಂದು ಗುಟುಕು. ನಾನಿದೀನಿ," ಎಂದಳು.

ಗುಬ್ಬಿ ಲೋಟ ಎತ್ತಿದಳು. ಕೆನ್ನೆಗಳು ಉಬ್ಬುವಷ್ಟು ಬಾಯಿ ತುಂಬಿಕೊಂಡಳು. ಹಾಗೇ ಒಂದು ಕ್ಷಣ ಕಣ್ಣು ಮುಚ್ಚಿ ನಿಂತಳು. ಆಮೇಲೆ ಬಾಗಿಲಿಗೆ ನಡೆದು, ಹೊರಗೆ ಬಗ್ಗಿ, ಅಷ್ಟನ್ನೂ ಉಗಿದು, ತೋಳಿನಿಂದ ತುಟಿಯನ್ನು ಒತ್ತಿ ಒತ್ತಿ ಒರೆಸಿಕೊಂಡು ಒಳಗೆ ಬಂದಳು.

"ಬಾ ಬಾ, ಇಲ್ಲಿ ಕೂತ್ಕೋ," ಎಂದು ಅಪ್ಪ ಬೆಂಚಿನ ಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟ.