ಎಡಗೈ ಕಾಜ

ಎಕ್ಸ್‌ಪ್ರೆಸ್ ಗಾಡಿ ನಾಲ್ಕು ಗಂಟೆಯಲ್ಲಿ ಮುಟ್ಟಿಸುವ ದಾರಿಗೆ ಹನ್ನೊಂದು ಗಂಟೆ ತಗೊಳ್ಳುವ ಪ್ಯಾಸೆಂಜರ್ ಗಾಡಿಯನ್ನು ಹತ್ತುವವರು ಎರಡೇ ತರ: ಬೇರೆ ಗತಿಯಿಲ್ಲದವರು, ಬೇರೆ ಕೆಲಸವಿಲ್ಲದವರು. ದರ್ಜಿಯಜ್ಜ ಎರಡರಲ್ಲೂ ಸೇರಿದವನಲ್ಲ. ಎಪ್ಪತ್ತೆರಡರ ವಯಸ್ಸಿನಲ್ಲಿ, ಟಿಕೆಟ್ ಕೊಡುವವನ ಹತ್ತಿರ ಹಟ ಮಾಡಿ, ಬೇಕೆಂದೇ ಇದನ್ನು ಹತ್ತಿದ್ದ. ಅವನಿಗೆ ಪ್ರತಿ ನಿಲ್ದಾಣದಲ್ಲೂ ನಿಲ್ಲುವ ಗಾಡಿಯೇ ಬೇಕಿತ್ತು. ಊರೂರಿನವರ ಅಂಗಿ ನೋಡಬೇಕಿತ್ತು.

ಸಂಗತಿ ಇಷ್ಟು. ಹದಿನೈದು ದಿನದ ಹಿಂದೆ ಗಿರಾಕಿಯೊಬ್ಬ ಸ್ನೇಹಿತ ಕೊಟ್ಟ ಹಳೇ ಅಂಗಿಯೊಂದನ್ನು ಬಿಗಿ ಮಾಡಿಸಲು ತಂದ. ಅದರ ಕಾಜಗಳನ್ನು, ಅಂದರೆ ಗುಂಡಿ ತೂರಿಸುವ ತೂತುಗಳನ್ನು, ಯಾರೋ ಕೈಯಲ್ಲೇ ಹೊಲಿದಿದ್ದರು. ಕಾಜದ ತುದಿಗೆ ಬೇರೆ ದರ್ಜಿಗಳು ಎರಡು ಅಡ್ಡ ಎಳೆ ಹಾಕಿದರೆ ಅಜ್ಜನ ಅಪ್ಪ ಮೂರು ಹಾಕುತ್ತಿದ್ದ. ಇಬ್ಬರು ಮಕ್ಕಳಿಗೂ ಅದನ್ನೇ ಕಲಿಸಿದ್ದ. ಈ ಅಂಗಿಯಲ್ಲಿ ಮೂರಿದ್ದವು. ಮೇಲಾಗಿ ಒಳಗಿನ ಗಂಟು ಬಲಗೈಯವರದು ಬೀಳುವ ಕಡೆಗಲ್ಲ, ಅದರ ಎದುರು ಕಡೆಗೆ ಬಿದ್ದಿತ್ತು. ಅಂಥ ಕಾಜ ಹಾಕುವವನು ಒಬ್ಬನೇ, ನಲವತ್ತು ವರ್ಷದ ಹಿಂದೆ ಮನೆ ಬಿಟ್ಟು ಹೋದ ಎಡಚ ತಮ್ಮ. ಅಂಗಿ ಈ ರೈಲು ದಾರಿಯ ಯಾವುದೋ ಊರಲ್ಲಿ ಹೊಲಿಸಿದ್ದು ಅನ್ನುವುದಕ್ಕಿಂತ ಹೆಚ್ಚಿಗೆ ಆ ಸ್ನೇಹಿತನಿಗೂ ಗೊತ್ತಿರಲಿಲ್ಲ.

ತಮ್ಮ ಹೋದದ್ದು ಅಣ್ಣನಿಂದಲೇ. ಅಪ್ಪ ತೀರಿಕೊಂಡು ಅಂಗಡಿ ಕೈಗೆ ಬಂದಾಗ ಅಣ್ಣನಿಗೆ ಪಿತ್ತ ನೆತ್ತಿಗೇರಿತ್ತು. ಎಡಗೈಯಲ್ಲಿ ಹೊಲಿದರೆ ಗಿರಾಕಿಗಳು ನಗುತ್ತಾರೆಂದು, ಒಂದು ದಿನ ತಮ್ಮನ ಎಡಗೈ ಬೆರಳುಗಳಿಗೆಲ್ಲ ಚಿಂದಿ ಸುತ್ತಿ ಬಿಗಿದು, ಸಂಜೆವರೆಗೂ ಬಲಗೈಯಲ್ಲಿ ಸೂಜಿ ಹಿಡಿಸಿದ. ಗಿರಾಕಿಗಳು ನಿಜವಾಗಿ ನಕ್ಕಿದ್ದು ಆವತ್ತು. ಮರುದಿನ ತಮ್ಮ ಇರಲಿಲ್ಲ. ಅವನ ಎದುರು ನಿಂತು ತಪ್ಪಾಯ್ತು ಅನ್ನಬೇಕು, ಅಜ್ಜನಿಗೆ ಬೇಕಾದದ್ದು ಅದೊಂದೇ. ಆದರೆ ಕಣ್ಣಿಗೆ ಪೊರೆ ಬರುತ್ತಿತ್ತು. ಇನ್ನೊಂದು ವರ್ಷ ತಡೆದರೆ ಎಳೆ ಎಣಿಸಲು ಆಗುತ್ತಿರಲಿಲ್ಲ.

ಗಾಡಿಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅಂಥ ಕಡೆ ಕೂತವನ ಕಣ್ಣಿಗೆ ನೇರವಾಗಿ ಸಿಗುವುದು ನಿಂತವರ ಎದೆ, ಹೊಟ್ಟೆ. ಬೇರೆಯವರಿಗೆ ಅದು ಸಂಕಟ, ಅಜ್ಜನಿಗೆ ಹಬ್ಬ. ಜೇಬಿನ ತುದಿಯಲ್ಲಿ ಸೀಮೆಸುಣ್ಣದ ಪುಡಿ ಇದ್ದವರು ಮೇಷ್ಟ್ರು. ಬಲ ಹೆಗಲ ಹೊಲಿಗೆ ಮಾತ್ರ ಸವೆದವನು ಮೂಟೆ ಹೊರುವವನು. ಒಬ್ಬ ಹೊಸ ಮದುಮಗನ ಅಂಗಿ ಎಷ್ಟು ಬಿಗಿಯಾಗಿತ್ತೆಂದರೆ, ಅವನು ನಕ್ಕಾಗಲೆಲ್ಲ ಅಜ್ಜನೇ ಉಸಿರು ಬಿಗಿಹಿಡಿಯುತ್ತಿದ್ದ. ಇಷ್ಟು ಜನರಿಗೆ ಇಷ್ಟು ಅಂಗಿ ಹೊಲಿದವರು ಯಾರಪ್ಪ ಎಂದು ಅವನಿಗೆ ಬೆರಗು. ಆದರೆ ಹತ್ತೊಂಬತ್ತು ನಿಲ್ದಾಣ ಕಳೆದರೂ ಬರೀ ಮಿಷನ್ ಕಾಜ.

ಇಪ್ಪತ್ತನೆಯದರಲ್ಲಿ ಹತ್ತಿದ ದಪ್ಪ ಮೀಸೆಯವನೊಬ್ಬ ಎದುರಿಗೆ ಆಗಷ್ಟೇ ಖಾಲಿಯಾದ ಜಾಗದಲ್ಲಿ ಕೂತವನೇ ಗೊರಕೆ ಶುರು ಮಾಡಿದ. ಅಜ್ಜ ಅವನ ಕಾಜ ನೋಡಿದ. ಒಂದು, ಎರಡು, ಮೂರು ಎಳೆ! ಗಂಟು ಯಾವ ಕಡೆಗಿದೆ? ಅದು ಕಾಣಬೇಕಾದರೆ ಅಂಗಿಯ ಒಳಮೈ ನೋಡಬೇಕು. ಐವತ್ತೈದು ವರ್ಷ ಊರವರ ಗುಂಡಿ ಬಿಚ್ಚಿ ಹಾಕಿದ ಕೈ ಯಜಮಾನನನ್ನು ಕೇಳಲೇ ಇಲ್ಲ, ತಾನಾಗಿ ಮುಂದೆ ಹೋಯಿತು. ಎರಡನೇ ಗುಂಡಿ ಬಿಚ್ಚುವಷ್ಟರಲ್ಲಿ ಮೀಸೆಯವನು ಮಣಿಕಟ್ಟು ಹಿಡಿದ.

"ಏನಜ್ಜ, ಈ ವಯಸ್ಸಲ್ಲಿ ಜೇಬಿಗೆ ಕೈನಾ?"

"ಜೇಬಿಗಲ್ಲಪ್ಪ, ಕಾಜಕ್ಕೆ."

ಇದರಿಂದ ಏನೂ ಪ್ರಯೋಜನವಾಗಲಿಲ್ಲ. "ನಾನು ಆಗ್ಲಿಂದ ನೋಡ್ತಾನೇ ಇದೀನಿ," ಎಂದಳು ಬುಟ್ಟಿಯ ಮೇಲೆ ಕೂತಿದ್ದ ಹೂವಿನವಳು. "ಬಂದೋರ ಎದೆ ಎದೆ ನೋಡ್ತಿದಾರೆ, ಮುಖ ಒಬ್ಬರದೂ ನೋಡಿಲ್ಲ!" ಮುಂದಿನ ನಿಲ್ದಾಣದಲ್ಲಿ ಪೊಲೀಸಿಗೆ ಕೊಡೋಣ ಎಂದು ನಾಲ್ಕು ದನಿ ಎದ್ದವು. ಬೇರೆ ದಾರಿ ಕಾಣದೆ, ಸತ್ತುಹೋದ ಹೆಂಡತಿಗೂ ಹೇಳದಿದ್ದ ಆ ಚಿಂದಿಯ ಕಥೆಯನ್ನು ಅಜ್ಜ ಗುರುತಿಲ್ಲದ ಅರವತ್ತು ಜನರ ಎದುರು ಒಂದೇ ಉಸಿರಿಗೆ ಹೇಳಿಬಿಟ್ಟ. ಹೇಳುತ್ತಾ ಅವನಿಗೆ ನಾಚಿಕೆಯಾಯಿತು, ಹಗುರವೂ ಆಯಿತು.

ಮೀಸೆಯವನು ಕೈ ಬಿಟ್ಟು, ತನ್ನ ಅಂಗಿಯನ್ನು ತಾನೇ ಮಗುಚಿ ತೋರಿಸಿದ. "ನೋಡ್ಕೊಳ್ಳಿ ಮತ್ತೆ." ಗಂಟು ಎದುರು ಕಡೆಗೇ ಇತ್ತು. ಅಜ್ಜ ಆ ಗಂಟಿನ ಮೇಲೆ ಬೆರಳಾಡಿಸಿ ಕೇಳಿದ: "ಎಲ್ಲಿ ಹೊಲಿಸಿದ್ದು?"

"ನಮ್ಮ ಮಾವ ಕೊಟ್ಟಿದ್ದು ಅಜ್ಜ. ಮಾವ ಈಗಿಲ್ಲ. ಇದೇ ದಾರೀಲಿ ಇನ್ನೂ ಮುಂದೆ ಎಲ್ಲೋ ಇದ್ರು, ಆಗಾಗ ಊರು ಬದಲಾಯಿಸೋರು."

ಅಲ್ಲಿಂದ ಮುಂದೆ ಹುಡುಕುವ ಕೆಲಸ ಅಜ್ಜನ ಕೈ ತಪ್ಪಿ ರೈಲು ಡಬ್ಬಿಯವರ ಪಾಲಾಯಿತು. ಎಲ್ಲರೂ ಅವರವರ ಅಂಗಿ ಮಗುಚಿದರು. "ನಂದು ಎರಡೇ!" "ನಂದಕ್ಕೆ ಕಾಜಾನೇ ಇಲ್ಲ, ಪಿನ್ನು!" ನಿಲ್ದಾಣ ಬಂದಾಗಲೆಲ್ಲ ಹೂವಿನವಳು ಬಾಗಿಲಲ್ಲಿ ನಿಂತು, "ಗುಂಡಿ ತೋರಿಸಿ ಹತ್ತಿ, ಗುಂಡಿ ತೋರಿಸಿ!" ಎಂದು ಕೂಗುತ್ತಿದ್ದಳು. ಯಾವ ಸರ್ಕಾರದ ಹೊಸ ಕಾನೂನೋ ಎಂದು ಜನ ಹೆದರಿ ತೋರಿಸಿದರು. ಮೂವತ್ತೊಂದನೆಯದರಲ್ಲಿ ಅಂಥ ಕಾಜದ ಅಂಗಿ ಒಂದು ಸಿಕ್ಕಿತು. ಮೂವತ್ತಮೂರರಲ್ಲಿ ಎರಡು, ಆದರೆ ಅವೂ ಯಾರೋ ಕೊಟ್ಟವು. ಮೂವತ್ತನಾಲ್ಕರಲ್ಲಿ ಹತ್ತಲು ಬಂದ ಪೋಸ್ಟ್‌ಮ್ಯಾನ್ ತನ್ನ ಗುಂಡಿ ನೋಡಿಕೊಂಡು, "ಇದಾ? ಇಲ್ಲೇ ಸ್ಟೇಷನ್ ಹಿಂದೆ ಹೊಲಿಸಿದ್ದು," ಎಂದ. ಗಾಡಿ ಆಗಲೇ ಸಿಳ್ಳೆ ಹಾಕಿತ್ತು. ಅಜ್ಜನನ್ನು ಬಾಗಿಲಿಂದ, ಅವನ ಚೀಲವನ್ನು ಕಿಟಕಿಯಿಂದ ಇಳಿಸಿದರು.

ಸೈಕಲ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಒಂದೇ ಬಾಗಿಲಿನ ಕೋಣೆ. ಮೇಲೆ ದಪ್ಪಕ್ಷರದ ಬೋರ್ಡು: ಎಡಗೈ ಟೈಲರ್. ಅಜ್ಜ ಅದನ್ನು ಎರಡು ಸಲ ಓದಿದ. ತಾನು ಚಿಂದಿ ಸುತ್ತಿ ಮುಚ್ಚಿದ್ದನ್ನು ತಮ್ಮ ಬೀದಿಗೆಲ್ಲ ಕಾಣುವ ಹಾಗೆ ಬರೆಸಿ ತೂಗುಹಾಕಿದ್ದಾನೆ. ಒಳಗೆ ಅಪ್ಪನ ಮೂಗು, ಅಪ್ಪನ ಬೋಳುತಲೆ ಹೊತ್ತ ಅರವತ್ತರ ಮನುಷ್ಯ ಕಾಜ ಹೊಲಿಯುತ್ತಿದ್ದ.

"ಎರಡು ದಿನ ಆಗುತ್ತೆ, ಅಲ್ಲಿಟ್ಟು ಹೋಗಿ," ಎಂದ ತಲೆ ಎತ್ತದೆ. ಉತ್ತರ ಬಾರದ್ದಕ್ಕೆ ತಲೆ ಎತ್ತಿದ. ಸೂಜಿ ನಿಂತಿತು.

"ತಪ್ಪಾಯ್ತು ಕಣೋ," ಎಂದ ಅಜ್ಜ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಉಳಿದದ್ದು ಅದೊಂದೇ. "ನಿನ್ನ ಕೈ ಕಟ್ಟಿದ್ದು ತಪ್ಪಾಯ್ತು."

ತಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. "ನಾನು ಮರೆತಿಲ್ಲ ಅಣ್ಣ. ಮರೆಯೋಕೆ ನೋಡಿದೆ, ಆಗ್ಲಿಲ್ಲ."

"ಮರೀಬೇಡ. ಮರೆತುಬಿಡು ಅಂತ ಕೇಳೋಕೆ ಬಂದಿಲ್ಲ," ಎಂದ ಅಜ್ಜ. "ಹೇಳಿ ಹೋಗೋಣ ಅಂತ ಬಂದೆ. ವಾಪಸ್ ಗಾಡಿ ಎಷ್ಟೊತ್ತಿಗೆ?"

"ಐದಕ್ಕೆ."

ಇನ್ನು ಅರ್ಧ ಗಂಟೆ ಇತ್ತು. ಅಜ್ಜ ತಲೆಯಾಡಿಸಿ, ಬಗ್ಗಿ ಚೀಲ ಎತ್ತಿಕೊಂಡ.

"ಎಲ್ಲಿಗೆ ಹೊರಟೆ?" ತಮ್ಮ ಗದರಿದ. ಕಣ್ಣು ತುಂಬಿದ್ದರೂ ಸಿಟ್ಟು ಮಾತ್ರ ನಿಜವಾದದ್ದೇ. "ನಲವತ್ತು ವರ್ಷದಿಂದ ನಿನಗೆ ಬೈಯೋಕೆ ಅಂತ ಇಟ್ಕೊಂಡು ಕೂತಿದೀನಿ. ಅರ್ಧ ಗಂಟೇಲಿ ಮುಗಿಯುತ್ತಾ ಅದು? ಕೂತ್ಕೋ!"

ಅಜ್ಜ ಕೂತ. ತಮ್ಮ ಎದ್ದು ಅಂಗಡಿಯ ಬಾಗಿಲು ಅರ್ಧ ಎಳೆದು, ಸ್ಟೂಲನ್ನು ಅಣ್ಣನ ಹತ್ತಿರಕ್ಕೆ ಜರುಗಿಸಿಕೊಂಡು, ಬೈಯಲು ಶುರು ಮಾಡಿದ.