ನಡುಗೋಡೆ

ಹಳೆಯ ಊರಿನಲ್ಲಿ ಅಕ್ಕತಂಗಿಯರ ಮನೆಗಳಿಗೆ ನಡುವೆ ಒಂದೇ ಮಣ್ಣಿನ ಗೋಡೆ. ಆ ಕಡೆ ಬುಟ್ಟಿ ಹೆಣೆಯುವ ಅಕ್ಕ, ಈ ಕಡೆ ಬಟ್ಟೆ ಹೊಲಿಯುವ ತಂಗಿ. ಅಕ್ಕನಿಗೆ ಉಬ್ಬಸ. ಉಸಿರು ಕಟ್ಟಿದಾಗ ಮಂಚದಲ್ಲೇ ಕುಳಿತು ತಂಬಿಗೆಯಿಂದ ಗೋಡೆ ತಟ್ಟುವಳು. ಗೋಡೆಗೆ ಬೆನ್ನು ಕೊಟ್ಟು ಹೊಲಿಯುತ್ತಿದ್ದ ತಂಗಿಗೆ, ಮಿಷನ್ನಿನ ಸದ್ದಿನಲ್ಲಿ ಕಿವಿಗೆ ಕೇಳದಿದ್ದರೂ ಬೆನ್ನಿಗೆ ಕೇಳುತ್ತಿತ್ತು. ಓಡಿಹೋಗಿ ಎದೆ ನೀವಿ, ಔಷಧಿ ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆ ಮರಳುವಳು.

ಹೊಳೆ ಉಕ್ಕಿ ಊರು ಮುಳುಗಿದ ಮೇಲೆ ಸರ್ಕಾರ ದಿಬ್ಬದ ಮೇಲೆ ಮನೆಗಳನ್ನು ಕಟ್ಟಿಸಿತು. ಸಾಲು ಸಾಲು, ಎಲ್ಲವೂ ಒಂದೇ ಅಚ್ಚು. ಇಬ್ಬರಿಗೂ ಅಕ್ಕಪಕ್ಕದ ಮನೆಗಳೇ ಸಿಕ್ಕವು. ಆದರೆ ನಡುವೆ ಒಂದು ಓಣಿ. "ಗಾಳಿಗೆ ಅಂತ ಜಾಗ ಬಿಟ್ಟಿದೀವಮ್ಮ," ಎಂದಿದ್ದ ಎಂಜಿನಿಯರು.

"ಓಣಿಗೆಲ್ಲಾ ಗಾಳಿ ಕೊಟ್ಟು ನನ್ನ ಎದೆಗೆ ಕೊಡೋದು ಮರೆತಿದಾನೆ ನೋಡು," ಎಂದು ಅಕ್ಕ ನಕ್ಕಳು.

ತಂಗಿ ನಗಲಿಲ್ಲ. "ಇಲ್ಲಿ ಗೋಡೆ ತಟ್ಟಿದ್ರೆ ಹಲ್ಲಿ ಬರುತ್ತೆ ಅಷ್ಟೇ. ಬಾಗಿಲಿಗೆ ಬಂದು ಕೂಗಕ್ಕ."

"ಕೂಗೋಷ್ಟು ಉಸಿರಿದ್ರೆ ನಿನ್ನ ಯಾಕೆ ಕರೀಲೇ?"

ತಂಗಿ ದನದ ಗಂಟೆಯೊಂದನ್ನು ಅಕ್ಕನ ಕಿಟಕಿಗೆ ಕಟ್ಟಿ, ಹಗ್ಗವನ್ನು ಮಂಚದ ತನಕ ಇಳಿಬಿಟ್ಟಳು. "ಕೊರಳಿಗೇ ಕಟ್ಟಿಬಿಡು, ಮೇಯೋಕೆ ಹೋಗ್ತೀನಿ," ಎಂದಳು ಅಕ್ಕ. ಆದರೂ ಎಳೆದು ನೋಡಿದಳು. ಓಣಿಯಾಚೆಗೆ ಚೆನ್ನಾಗಿಯೇ ಕೇಳಿಸಿತು.

ಅಕ್ಕನಿಗೆ ಮತ್ತೆ ಉಸಿರು ಕಟ್ಟಿದ ಮಧ್ಯಾಹ್ನ ಗಂಟೆ ಬಾರಿಸಲಿಲ್ಲ. ಸಂಜೆ ಹಾಲು ಕೊಡಲು ಹೋದ ತಂಗಿ ಕಂಡದ್ದು, ಗೋಡೆಗೆ ಒರಗಿ ತಣ್ಣಗಾಗಿದ್ದ ಅಕ್ಕನನ್ನು. ಕೈಯಲ್ಲಿ ತಂಬಿಗೆ. ಹಗ್ಗ ಮಗ್ಗುಲಲ್ಲೇ ನೇತಾಡುತ್ತಿತ್ತು. ಗೋಡೆಯಲ್ಲಿ ಹೊಸ ಸುಣ್ಣ ಉದುರಿದ ಗುರುತುಗಳು, ತಂಬಿಗೆಯ ಅಂಚಿನಷ್ಟೇ ಬಾಗಿದವು.

"ಆ ಸಂಕಟದಲ್ಲಿ ಕೈ ಹಳೇ ಮನೆಗೆ ಹೋಗಿಬಿಟ್ಟಿದೆ," ಎಂದ ತಂಗಿಯ ಗಂಡ.

ಎಲ್ಲ ಮುಗಿದ ಮೇಲೂ ತಂಗಿಗೆ ಒಂದೇ ಕೊರಗು. ತಟ್ಟಿದ್ದು ನನಗೆ ಕೇಳಿಸಿತ್ತೇನೋ, ಈ ಒಂದು ಹೊಲಿಗೆ ಮುಗಿಯಲಿ ಎಂದುಕೊಂಡೆನೇನೋ. ಒಂದು ದಿನ ತಂಬಿಗೆಯನ್ನು ಗಂಡನ ಕೈಗಿತ್ತು, "ಹೋಗಿ ಅಕ್ಕನ ಮಂಚದ ಹತ್ರ ಗೋಡೆ ತಟ್ಟಿ," ಎಂದಳು. ತಾನು ಮಿಷನ್ ಮುಟ್ಟದೆ, ಓಣಿ ಕಡೆಯ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಸಿಮೆಂಟು ತಣ್ಣಗಿತ್ತು. ಎಲ್ಲೋ ನಾಯಿ ಬೊಗಳಿತು, ಸುಮ್ಮನಾಯಿತು.

ಕೊನೆಗೆ ಎದ್ದು ಬಾಗಿಲಿನಿಂದ ಕೂಗಿದಳು: "ತಟ್ರೀ ಅಂದ್ರೆ!"

ಗಂಡ ಅಕ್ಕನ ಹೊಸ್ತಿಲಿಗೆ ಬಂದು ನಿಂತ. "ಆಗಿಂದ ಅದನ್ನೇ ಮಾಡ್ತಿದೀನಲ್ಲೇ," ಎಂದ, ಕೈ ಉಜ್ಜಿಕೊಳ್ಳುತ್ತ.