ಉಕ್ಕಿನ ಪೈಪಿಗೆ ರಬ್ಬರಿನ ಅಂಗಿ

ಹಳೆಗಾಡಿ ಸಂಘದ ತೀರ್ಪುಗಾರರು ಮೂವರು. ಅಧ್ಯಕ್ಷರ ಎಡಮಂಡಿ ಉಕ್ಕಿನದು. ಕಾರ್ಯದರ್ಶಿಯ ಹಲ್ಲು ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಕಟ್ಟಿಸಿದ್ದು. ಖಜಾಂಚಿಯ ಎದೆಬಡಿತ ಚರ್ಮದಡಿಯ ಬ್ಯಾಟರಿಯದು. ಈ ಮೂವರೂ ವರ್ಷಕ್ಕೊಮ್ಮೆ ಟಾರ್ಚು ಹಿಡಿದು ಬಾನೆಟ್ಟಿನೊಳಗೆ ಬಗ್ಗಿ, ಕಾರ್ಖಾನೆಯಿಂದ ಬಂದಾಗ ಇಲ್ಲದಿದ್ದ ಒಂದು ಬೋಲ್ಟು ಕಂಡರೂ ಆ ಗಾಡಿಯನ್ನು ಪಟ್ಟಿಯಿಂದ ಹೊಡೆದುಹಾಕುತ್ತಿದ್ದರು. ಅಸಲಿ ಅಂದರೆ ಅಸಲಿ.

ಸಂಘದ ಪತ್ರವಿಲ್ಲದ ಹಳೆಯ ಗಾಡಿ ರಸ್ತೆಗಿಳಿಯುವಂತಿಲ್ಲ. ಉಳಿದ ಸದಸ್ಯರಿಗೆ ಅದರಿಂದ ದೊಡ್ಡ ನಷ್ಟವೇನಿಲ್ಲ. ಅವರ ಗಾಡಿಗಳು ವರ್ಷವಿಡೀ ಬಟ್ಟೆ ಹೊದ್ದು ಮಲಗಿರುತ್ತವೆ. ನರ್ಸಮ್ಮನ ಕಥೆ ಬೇರೆ. ಅಪ್ಪ ಬಿಟ್ಟುಹೋದ ಹಸಿರು ಕಾರೊಂದೇ ಅವಳನ್ನು ದಿನಾ ದಿಬ್ಬದ ಮೇಲಿನ ಆಸ್ಪತ್ರೆಗೆ ಒಯ್ದು ತರುವುದು.

ಆ ಕಾರಿನ ಕ್ಲಚ್ಚು ಕೈಕೊಟ್ಟದ್ದು ಇಳಿಜಾರಿನಲ್ಲಿ. ಒತ್ತಿದರೆ ಪೆಡಲ್ ಕೆಸರಲ್ಲಿ ಕಾಲಿಟ್ಟ ಹಾಗೆ ನೆಲ ಮುಟ್ಟಿತು, ಗೇರು ಬಿಟ್ಟುಕೊಡಲಿಲ್ಲ. ಬ್ರೇಕಾದರೂ ಕೈಬಿಡದಿದ್ದರಿಂದ ಹಾಲಿನಂಗಡಿಯ ಗೋಡೆ ಉಳಿಯಿತು. ಗ್ಯಾರೇಜಿನ ಮೇಸ್ತ್ರಿ ಕ್ಲಚ್ಚಿಗೆ ಆಯಿಲ್ ಒಯ್ಯುವ ಹಳೆಯ ರಬ್ಬರ್ ಪೈಪು ಬಿಚ್ಚಿ ಬಗ್ಗಿಸಿ ತೋರಿಸಿದ: ಹೊರಗೆ ಬಿರುಕು, ಒಳಗೆ ಊತ. ನೀವು ಒತ್ತಿದ್ದೆಲ್ಲ ಕ್ಲಚ್ಚಿಗೆ ಹೋಗದೆ ಈ ಪೈಪನ್ನೇ ಉಬ್ಬಿಸುತ್ತಿದೆ ಎಂದ. ಕಂಪನಿಯವರು ಇಂಥದ್ದನ್ನು ಮಾಡುವುದು ಬಿಟ್ಟು ಮೂವತ್ತು ವರ್ಷ. ಬೇರೆ ಕಡೆ ಮಾಡಿದ, ಉಕ್ಕಿನ ತಂತಿ ಹೆಣೆದ ಪೈಪು ಅವನ ಹತ್ತಿರ ಇತ್ತು.

ಭಾನುವಾರ ಬೆಳಿಗ್ಗೆ ಕೂರಿಸಿದ. ಸೈಲೆನ್ಸರಿನ ಬಿಸಿ ತಗಲದಂತೆ ದಾಟಿಸಿ, ತಾಮ್ರದ ಹೊಸ ವಾಷರಿಟ್ಟು, ಪೈಪು ತಿರುಚದಂತೆ ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಬಿಗಿದ. ಆಮೇಲೆ ಆಯಿಲಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವ ಕೆಲಸ. ಅವಳು ಸೀಟಿನಲ್ಲಿ, ಅವನು ಗಾಡಿಯಡಿಯಲ್ಲಿ. ಒತ್ತಿ ಅಂದರೆ ಒತ್ತುವುದು, ಹಿಡಿಯಿರಿ ಅಂದರೆ ಹಿಡಿಯುವುದು, ಬಿಡಿ ಅಂದರೆ ಬಿಡುವುದು. ಅವನು ಹೇಳಿದ್ದನ್ನು ಅವಳು ಮರಳಿ ಹೇಳುವುದು, ಪಲ್ಲವಿಯ ಹಾಗೆ. ಆಯಿಲ್ ಇಳಿಯಲು ಅವನಿಟ್ಟ ಬಾಟಲಿಯಲ್ಲಿ ಗುಳ್ಳೆ ನಿಲ್ಲುವ ಹೊತ್ತಿಗೆ ಪೆಡಲ್ ಅವಳ ಅಂಗಾಲಿಗೆ ಗಟ್ಟಿಯಾಗಿ ಎದುರು ನಿಂತಿತು.

ಅವನು ಡ್ರಾಯರಿನಿಂದ ಸೀಳಿದ ರಬ್ಬರ್ ಕೊಳವೆಯೊಂದನ್ನು ತೆಗೆದ. ಉಕ್ಕಿನ ಮೇಲೆ ಇದನ್ನು ತೊಡಿಸಿ, ಸ್ವಲ್ಪ ಎಣ್ಣೆ, ಸ್ವಲ್ಪ ಧೂಳು ಸವರಿದರೆ ಯಾವ ಟಾರ್ಚಿಗೂ ಗೊತ್ತಾಗುವುದಿಲ್ಲವಂತೆ. ಇಂಥ ಅಂಗಿಯನ್ನು ಅವನು ಆಗಲೇ ಸಂಘದ ಎಂಟು ಗಾಡಿಗಳಿಗೆ ತೊಡಿಸಿದ್ದ, ಅದರಲ್ಲಿ ಮೂರು ತೀರ್ಪುಗಾರರವೇ. ಅದನ್ನು ಅವಳಿಗೆ ಹೇಳಲಿಲ್ಲ. ಅಧ್ಯಕ್ಷರ ಮಂಡಿ, ಖಜಾಂಚಿಯ ಎದೆ ಎರಡಕ್ಕೂ ವಾರ್ಡಿನಲ್ಲಿ ಬ್ಯಾಂಡೇಜು ಬದಲಿಸಿದವಳು ಅವಳು; ಅವಳೂ ಹೇಳಲಿಲ್ಲ. ಇಬ್ಬರದೂ ಬಾಯಿ ಮುಚ್ಚಿಕೊಂಡು ಮಾಡುವ ಕಸುಬು.

“ಬೇಡಣ್ಣ,” ಎಂದಳು. “ಮುಚ್ಚಿಟ್ರೆ ಸೋರೋದು ಹೇಗೆ ಕಾಣುತ್ತೆ? ಗಾಯಾನೂ ನಾವು ಬಿಚ್ಚೇ ನೋಡೋದು.”

“ಪಟ್ಟಿಯಿಂದ ತೆಗೀತಾರೆ ಸಿಸ್ಟರ್.”

“ಕೇಳಿದ್ರೆ ಹೇಳ್ತೀನಿ. ಅವರೂ ಮನುಷ್ಯರಲ್ವಾ?”

ಮೇಸ್ತ್ರಿ ರಬ್ಬರ್ ಕೊಳವೆಯನ್ನು ಮತ್ತೆ ಡ್ರಾಯರಿಗೆ ಹಾಕಿದ.

ಮುಂದಿನ ಭಾನುವಾರ ಸಂಘದ ಅಂಗಳದಲ್ಲಿ ತಪಾಸಣೆ. ಸಂಘ ಒಪ್ಪಿದ ಮೇಸ್ತ್ರಿ ಅವನೊಬ್ಬನೇ ಆದ್ದರಿಂದ ಬಾನೆಟ್ ಎತ್ತಿ ನಿಲ್ಲಿಸುವ ಭಾಗ್ಯ ಅವನದೇ. ಎಂಟು ಗಾಡಿ ಸಲೀಸಾಗಿ ಪಾಸಾದವು. ಒಂಬತ್ತನೆಯದರಲ್ಲಿ ಟಾರ್ಚು ನಿಂತಿತು. ಅಧ್ಯಕ್ಷರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಉಕ್ಕು ಎರಡು ಸಲವೂ ಹೊಳೆಯಿತು. ಇವತ್ತು ಪೈಪು, ನಾಳೆ ಎಂಜಿನ್ನು, ನಾಡಿದ್ದು ಗಾಡಿಯೇ ಬೇರೆ ಎಂದು ಶುರುಮಾಡಿ, ಹಿರಿಯರ ಋಣದ ತನಕ ಹೋಗಿ, ಮಂಡಿ ಹಿಡಿದುಕೊಂಡು ಕುರ್ಚಿ ಕೇಳಿದರು. ಕಾರ್ಯದರ್ಶಿ ಕಟ್ಟಿಸಿದ ಹಲ್ಲನ್ನೇ ಕಡಿದರು. ಇದನ್ನೆಲ್ಲ ತಡೆದುಕೊಳ್ಳುವ ಎದೆ ತನಗಿಲ್ಲ ಎಂದು ಖಜಾಂಚಿ ಪಕ್ಕಕ್ಕೆ ತಿರುಗಿದರು. ನರ್ಸಮ್ಮ ಇಳಿಜಾರಿನ ಕಥೆ ಹೇಳಿದಳು, ಕೆಲಸಕ್ಕೆ ಹೋಗಲು ಬೇರೆ ಗತಿಯಿಲ್ಲ ಎಂದಳು. ಬಸ್ಸಿದೆಯಲ್ಲ ಎಂಬ ಉತ್ತರ ಬಂತು. ಅಧ್ಯಕ್ಷರು ಕೆಂಪು ಪೆನ್ನಿನ ಮುಚ್ಚಳ ತೆಗೆದರು.

“ಇದನ್ನ ಹಾಕಿದ್ದು ಯಾರು?”

ಮೇಸ್ತ್ರಿ ಸುತ್ತ ನಿಂತಿದ್ದವರನ್ನೆಲ್ಲ ಒಮ್ಮೆ ನೋಡಿದ. ಅವನ ಒಲೆ ಉರಿಯುತ್ತಿದ್ದುದೇ ಇವರ ಗಾಡಿಗಳಿಂದ.

“ನಾನೇ ಸರ್. ನಿಮ್ಮ ಗಾಡಿಗೆ ಹಾಕಿದ ಮಾರನೇ ವಾರ.”

ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡಿದರು, ಕಾರ್ಯದರ್ಶಿ ಖಜಾಂಚಿಯ ಮುಖ, ಖಜಾಂಚಿ ಆಕಾಶದ ಮುಖ. ಎಲ್ಲಿ, ನಿಮ್ಮದನ್ನು ಇನ್ನೊಮ್ಮೆ ನೋಡೋಣ ಎಂದು ಯಾರೂ ಅನ್ನಲಿಲ್ಲ. ಹಾಗಂದರೆ ತಮ್ಮದನ್ನೂ ನೋಡುತ್ತಾರೆ.

ತೀರ್ಪುಗಾರರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ಸಲ ಟೀ ಹೋಯಿತು. ಹೊರಗೆ ಬಂದು ಓದಿದರು: ಪೈಪು ಎಂಬುದು ಸವೆದು ಮುಗಿಯುವ ವಸ್ತು, ಆದ್ದರಿಂದ ಗಾಡಿಯ ಅಂಗವಲ್ಲ, ಅಂಗವಲ್ಲದ್ದಕ್ಕೆ ಅಸಲಿ ನಕಲಿಯ ಪ್ರಶ್ನೆ ಉದ್ಭವಿಸದು, ಸಂಘದ ನಿಲುವು ಮೊದಲಿನಿಂದಲೂ ಇದೇ ಆಗಿತ್ತು. ನರ್ಸಮ್ಮನ ಗಾಡಿ ಪಟ್ಟಿಯಲ್ಲಿ ಉಳಿಯಿತು. ಎರಡನೆಯ ನಿರ್ಣಯ ಚಿಕ್ಕದು: ಸಭೆಯ ಮರ್ಯಾದೆ ಕೆಡಿಸಿದ್ದಕ್ಕಾಗಿ ಮೇಸ್ತ್ರಿ ಇನ್ನು ಮುಂದೆ ಸಂಘದ ಗಾಡಿಗಳನ್ನು ಮುಟ್ಟತಕ್ಕದ್ದಲ್ಲ. ಕೆಂಪು ಪೆನ್ನು ತೆರೆದಾಗಿತ್ತು, ಯಾವುದಾದರೂ ಒಂದು ಹೆಸರು ಹೊಡೆಯಲೇಬೇಕಿತ್ತು.

ಅವಳು ಪತ್ರ ಮಡಚಿಕೊಂಡು ಅವನ ಹತ್ತಿರ ಬಂದಳು. “ನನ್ನಿಂದ ನಿಮ್ಮ ಅನ್ನಕ್ಕೆ ಕಲ್ಲು ಬಿತ್ತಲ್ಲಣ್ಣ.”

ಎರಡು ವರ್ಷಕ್ಕೊಮ್ಮೆ ಕ್ಲಚ್ಚಿನ ಆಯಿಲ್ ಬದಲಿಸಬೇಕು, ಮರೆಯಬೇಡಿ ಎಂದಷ್ಟೇ ಅವನು ಹೇಳಿದ. ಅವಳು ಡ್ಯೂಟಿಗೆ ಹೊತ್ತಾಯಿತೆಂದು ಅವನನ್ನೂ ಹತ್ತಿಸಿಕೊಂಡಳು. ಹಸಿರು ಕಾರು ಗೇಟು ದಾಟಿತು. ಅಂಗಳದಲ್ಲಿ ಉಳಿದ ಎಂಟು ಗಾಡಿಗಳೂ ಬಾಯಿ ತೆರೆದುಕೊಂಡೇ ನಿಂತಿದ್ದವು. ಅಷ್ಟು ಭಾರದ ಬಾನೆಟ್ಟನ್ನು ಬೆರಳು ಸಿಗಿಸಿಕೊಳ್ಳದೆ ಇಳಿಸುವುದು ಹೇಗೆಂದು ಅಸಲಿ ಯಜಮಾನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.